ಆಫ್ ಮಾಡಬಾರದ ಗಾಡಿ

ಹೋದ ತಿಂಗಳು ಹಾರೋಹಳ್ಳಿಯ ಟೀ ಅಂಗಡಿಯೆದುರು ಹೊಸದೊಂದು ಪಿಕಪ್ ನಿಂತಿತ್ತು. ನೆತ್ತಿಯ ಮೇಲೆ ಸಾಲು ದೀಪ, ಬಂಪರಿನಲ್ಲಿ ಇನ್ನೊಂದು ಸಾಲು, ಚಕ್ರದ ಸಂದಿಯಲ್ಲೂ ನೀಲಿ ಬೆಳಕು. ಅದರ ಯಜಮಾನ ಹೆಮ್ಮೆಯಿಂದ, "ಆಲ್ಟ್ರು ಮಾಡ್ಸೀವ್ನಿ ಸಾರ್, ಹೆಂಗೈತೆ?" ಎಂದ. ಚೆನ್ನಾಗಿದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು, "ಎರ್ತು ಎಲ್ಲಿಗೆ ಕೊಟ್ಟಿದ್ದಾರೆ? ಫ್ಯೂಸ್ ಇದೆಯಾ? ನಿಂತಲ್ಲಿ ಯಾಕೆ ಇಂಜಿನ್ ಓಡುತ್ತಿದೆ?" ಎಂದು ಒಂದೇ ಉಸಿರಿಗೆ ಕೇಳಿದೆ. ಕೊನೆಯ ಪ್ರಶ್ನೆಯ ಹೊತ್ತಿಗೆ ನನ್ನ ದನಿ ಅಂಗಡಿಯವನೂ ತಿರುಗಿ ನೋಡುವಷ್ಟು ಏರಿತ್ತು. ಗಾಡಿಯ ಯಜಮಾನ ಟೀ ಗ್ಲಾಸ್ ಹಿಡಿದುಕೊಂಡು ಮೆಲ್ಲಗೆ ಆಚೆ ಸರಿದ. ಪಾಪ, ಅವನದೇನೂ ತಪ್ಪಿಲ್ಲ. ನನ್ನ ಸಿಟ್ಟು ಅವನು ಹುಟ್ಟುವ ಮೊದಲಿನದು.

ಅದು ರೇಷ್ಮೆ ಗೂಡಿಗೆ ಚಿನ್ನದ ಬೆಲೆ ಬಂದಿದ್ದ ಕಾಲ. ಮಾಗಡಿಯಿಂದ ಕನಕಪುರದವರೆಗೆ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ನಡುಮನೆಯಲ್ಲಿ ಹುಳು ಮಲಗುತ್ತಿತ್ತು, ಮನೆಯವರು ಜಗಲಿಯಲ್ಲಿ ಮಲಗುತ್ತಿದ್ದರು. ನಮ್ಮದು ಮಾಗಡಿ ಕಡೆಯ ಊರು. ಅಕ್ಕನನ್ನು ಅಕ್ಕೂರಿಗೆ ಕೊಟ್ಟಿದ್ದೆವು. ಅಕ್ಕ ಹುಳು ಸಾಕುತ್ತಿದ್ದಳು. ಭಾವ ಗಾಡಿ ಸಾಕುತ್ತಿದ್ದ. ಆ ಗಾಡಿಯಲ್ಲಿ ಅರ್ಧ ಪಾಲು ನನ್ನದು. ಯಾವ ಅರ್ಧ ಎಂದು ಭಾವ ಕೊನೆಯವರೆಗೂ ಹೇಳಲಿಲ್ಲ. ಕೆಟ್ಟ ಅರ್ಧ ಎಂದು ಅನುಭವದಿಂದ ತಿಳಿದೆ.

ಅದು ಮೂಲದಲ್ಲಿ ಪೆಟ್ರೋಲ್ ಜೀಪು. ಭಾವ ಅದರ ಹಿಂಭಾಗ ಕತ್ತರಿಸಿ, ಉದ್ದ ಮಾಡಿ, ಮರದ ಬಾಡಿ ಕಟ್ಟಿಸಿ, ಯಾವುದೋ ಗುಜರಿಯಿಂದ ತಂದ ಡೀಸೆಲ್ ಇಂಜಿನ್ ಕೂರಿಸಿ ಅದಕ್ಕೆ ಪಿಕಪ್ ಎಂದು ಹೆಸರಿಟ್ಟ. ಇಂಜಿನ್ ಬದಲಾಯಿತು, ವೈರು ಬದಲಾಗಲಿಲ್ಲ. ಸಣ್ಣ ಇಂಜಿನ್ನಿಗೆಂದು ಎಳೆದಿದ್ದ ತಂತಿಗಳೇ ಈ ಕೋಣನಂಥ ಇಂಜಿನ್ನನ್ನು ಎಬ್ಬಿಸಬೇಕಾಗಿತ್ತು. ಸಾಲದ್ದಕ್ಕೆ ತಲೆಯ ಮೇಲೆ ನಾಲ್ಕು ದೀಪ, ದೇವರ ಪಟಕ್ಕೊಂದು ದೀಪ, ಹಾಡುವ ಹಾರನ್ನು, ಟೇಪ್ ರೆಕಾರ್ಡರ್ರು. ಎಲ್ಲವೂ ಡೈರೆಕ್ಟು. ಅಂದರೆ ಕೀ ತೆಗೆದರೂ ಬ್ಯಾಟರಿಯ ರಕ್ತ ಹೀರುತ್ತಲೇ ಇರುತ್ತವೆ ಎಂದರ್ಥ. ಫ್ಯೂಸ್ ಹೋದರೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ತುರುಕುತ್ತಿದ್ದ.

"ಭಾವ, ಫ್ಯೂಸ್ ಇರೋದು ಹೋಗ್ಲಿ ಅಂತಲೇ ಕಣಪ್ಪ," ಎಂದರೆ, "ಹೋಗೋದಕ್ಕೆ ಯಾಕ್ಲಾ ಇಕ್ಕಬೇಕು? ಹೋಗ್ದಂಗೆ ಇಕ್ಕವ್ನಿ ನೋಡು," ಎನ್ನುತ್ತಿದ್ದ.

ನಾನೋ ಹುಟ್ಟು ಚಿಂತೆಗಾರ. ಗಾಡಿ ಸದ್ದು ಮಾಡಿದರೆ ಯಾಕೆ ಸದ್ದು ಎಂದು ಚಿಂತೆ. ಮಾಡದಿದ್ದರೆ ಯಾಕೆ ಸುಮ್ಮನಾಯಿತೆಂದು ಇನ್ನೂ ದೊಡ್ಡ ಚಿಂತೆ. ದಾರಿಯುದ್ದಕ್ಕೂ ನಾಯಿಯಂತೆ ಮೂಗರಳಿಸಿ ಮೂಸುತ್ತ ಕೂರುತ್ತಿದ್ದೆ. "ಏನೋ ಸುಟ್ಟ ವಾಸ್ನೆ" ಎಂದರೆ ಭಾವ, "ನಿನ್ ಹೊಟ್ಟೆ ಕಣ್ಲಾ" ಎಂದು ಹಾಡುವ ಹಾರನ್ನು ಒತ್ತುತ್ತಿದ್ದ. ಆದರೆ ವಾಸನೆ ಸುಳ್ಳಲ್ಲ. ಗಾಡಿ ಎಬ್ಬಿಸಲು ಕೀ ತಿರುಗಿಸಿ ಸೆಲ್ಫ್ ಹೊಡೆದಾಗಲೆಲ್ಲ ಆಕ್ಸಿಲರೇಟರ್ ಕೇಬಲ್ ಕಾದು ಹೊಗೆಯಾಡುತ್ತಿತ್ತು. ದೀಪ, ಹಾರನ್ನುಗಳಿಗಾದರೂ ಒಂದು ನ್ಯಾಯವುಂಟು. ಕಾಲಲ್ಲಿ ಒತ್ತುವ ಒಂದು ಉಕ್ಕಿನ ಎಳೆಗೆ ಕರೆಂಟಿನ ಜ್ವರ ಯಾಕೆ ಬರಬೇಕು? ಕೇಬಲ್ ಬದಲಿಸಿದೆವು, ಮತ್ತೆ ಸುಟ್ಟಿತು. ರಾಮನಗರದಲ್ಲಿ ಎಲೆಕ್ಟ್ರಿಷಿಯನ್ನುಗಳಿಗೇನು ಬರವೇ? ಒಬ್ಬ ಬ್ಯಾಟರಿ ಬದಲಿಸು ಎಂದ, ಮತ್ತೊಬ್ಬ ಸೆಲ್ಫ್ ಮೋಟರು ಬಿಚ್ಚಿ ಕಟ್ಟಿದ, ಇನ್ನೊಬ್ಬ ಡೈನಮೋ ಬದಲಿಸಿ ಎರಡು ಬೋಲ್ಟು ಉಳಿಸಿ ಕೊಟ್ಟ. ಪ್ರತಿಯೊಬ್ಬನೂ ಮೊದಲು ಹೇಳುತ್ತಿದ್ದುದು ಒಂದೇ ಮಾತು: "ಹಿಂದ್ಲೋನು ಹಾಳ್ಮಾಡ್ಬುಟ್ಟವ್ನೆ." ಸುಳ್ಳಲ್ಲ, ಎಲ್ಲರೂ ಯಾರಿಗೋ ಹಿಂದಿನವರೇ ಆಗಿದ್ದರು.

ಡೀಸೆಲ್ ಇಂಜಿನ್ನಿನ ಒಂದು ಗುಣವೆಂದರೆ, ಒಮ್ಮೆ ಎದ್ದರೆ ಮತ್ತೆ ಬ್ಯಾಟರಿಯ ಹಂಗಿಲ್ಲ. ಡೀಸೆಲ್ ಇರುವ ತನಕ ಓಡುತ್ತಿರುತ್ತದೆ. ಭಾವ ಇದನ್ನು ಕಂಡುಕೊಂಡ ದಿನವೇ ನಮ್ಮ ಗಾಡಿಯ ಹಣೆಬರಹ ತೀರ್ಮಾನವಾಯಿತು. ಎಬ್ಬಿಸುವುದು ಕಷ್ಟವಾದರೆ ಮಲಗಿಸುವುದೇ ಬೇಡ. ಬೆಳಿಗ್ಗೆ ದಿಬ್ಬದಿಂದ ಉರುಳಿಸಿ ಸ್ಟಾರ್ಟ್ ಮಾಡಿದರೆ ಸಂಜೆಯವರೆಗೆ ಆಫ್ ಇಲ್ಲ. ಲೋಡು ತುಂಬುವಾಗ ಗುಡುಗುಡು, ಟೀ ಕುಡಿಯುವಾಗ ಗುಡುಗುಡು, ನೆಂಟರ ಮನೆಯಲ್ಲಿ ಉಣ್ಣುವಾಗ ಬಾಗಿಲಾಚೆ ಗುಡುಗುಡು. ಮೈಲೇಜು ನೆಲ ಕಚ್ಚಿತು. ಲೀಟರಿಗೆ ಹದಿನಾಲ್ಕು ಕೊಡುತ್ತದೆ ಎಂದು ಭಾವ ಊರೆಲ್ಲ ಹೇಳಿಕೊಂಡು ಬಂದಿದ್ದ ಗಾಡಿ ಎಂಟು ಕೊಟ್ಟರೆ ಹಬ್ಬ.

"ನಿಂತಲ್ಲೇ ಕುಡೀತಾ ಐತೆ ಭಾವ, ಆಫ್ ಮಾಡು."

"ನಿಂತಿರೋ ಗಾಡಿ ಏನ್ಲಾ ಕುಡಿದಾತು? ಓಡೋ ಎತ್ತು ತಾನೆ ನೀರು ಕುಡಿಯೋದು! ಚಂದ್ರಿಕೆಗೆ ಗಾಳಿ ಹೊಡೀತದೆ, ಅದ್ಕೇ ಮೈಲೇಜು ಬತ್ತಿಲ್ಲ."

ಆ ಮಾತಿನಲ್ಲಿ ಒಸಿ ಸತ್ಯವಿತ್ತು ಎಂಬುದೇ ನನ್ನ ಹೊಟ್ಟೆಯುರಿ. ನಮ್ಮ ಗಾಡಿಯ ಮುಖ್ಯ ಕೆಲಸವೇ ಚಂದ್ರಿಕೆ ಸಾಗಿಸುವುದು. ಬಾಗಿಲಿನಷ್ಟು ದೊಡ್ಡ ಬಿದಿರ ತಟ್ಟಿ, ಅದರ ಮೇಲೆ ಸುರುಳಿಯಾಗಿ ಕೂರಿಸಿದ ಬಿದಿರ ಪಟ್ಟಿ. ಹಣ್ಣಾದ ಹುಳುಗಳನ್ನು ಅದರೊಳಗೆ ಬಿಟ್ಟರೆ ಪಟ್ಟಿಗಳ ಸಂದಿಯಲ್ಲಿ ಒಂದೊಂದೇ ಕೂತು ಗೂಡು ಕಟ್ಟುತ್ತವೆ. ಬೇಕಾದಷ್ಟು ಚಂದ್ರಿಕೆ ಯಾರ ಮನೆಯಲ್ಲೂ ಇರುತ್ತಿರಲಿಲ್ಲ. ಒಂದು ಮನೆಯಲ್ಲಿ ಗೂಡು ಬಿಡಿಸಿದ್ದೇ ತಡ, ಮುಂದಿನ ಮನೆಗೆ ಹೊರಡಬೇಕು. ಭಾವ ಅವುಗಳನ್ನು ಗಾಡಿಯಲ್ಲಿ ನೆಟ್ಟಗೆ, ಮುಂದಕ್ಕೆ ಎದೆಯೊಡ್ಡುವಂತೆ ನಿಲ್ಲಿಸುತ್ತಿದ್ದ. ಅಡ್ಡಡ್ಡ ನಿಲ್ಲಿಸಿದರೆ ಹಡಗಿನ ಪಟದಂತೆ ಗಾಳಿ ಹಿಡಿಯುತ್ತದೆ, ಉದ್ದುದ್ದ ನಿಲ್ಲಿಸು ಎಂದರೆ, "ಹಿಂದ್ಲಿಂದ ಗಾಳಿ ಬಂದ್ರೆ ಫ್ರೀಯಾಗಿ ತಳ್ತದಲ್ಲ, ಅದ ಯೋಚ್ನೆ ಮಾಡಿದ್ದೀಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದ.

ಇನ್ನೊಂದು ಶಾಸ್ತ್ರವಿತ್ತು. ಮನೆಯಿಂದ ಮನೆಗೆ ಚಂದ್ರಿಕೆ ಹೋದರೆ ರೋಗವೂ ಹೋಗುತ್ತದೆ. ಹಾಗಾಗಿ ಪ್ರತಿ ಹಟ್ಟಿಯ ಮುಂದೆ ಗಾಡಿ ನಿಂತೊಡನೆ ಬ್ಲೀಚಿಂಗ್ ಪೌಡರಿನ ನೀರನ್ನು ಪಂಪಿನಿಂದ ಗಾಡಿಗೆ ಹೊಡೆಯುತ್ತಿದ್ದರು: ಚಕ್ರಕ್ಕೆ, ಮರದ ಬಾಡಿಗೆ, ಗಾಡಿಯ ಅಡಿಗೆ. ಹಿಂದಿನ ಬೆಳೆಯಲ್ಲಿ ಅಕ್ಕನ ಹುಳುಗಳೆಲ್ಲ ಸಪ್ಪೆರೋಗ ಬಂದು ಕಪ್ಪಾಗಿ ಸತ್ತಿದ್ದವು. ಬುಟ್ಟಿಗಟ್ಟಲೆ ಗುಂಡಿಗೆ ಸುರಿಯುವಾಗ ಅವಳು ಮೂಗಿಗೆ ಸೆರಗು ಹಿಡಿದಿದ್ದು ವಾಸನೆಗೆ ಮಾತ್ರವಲ್ಲ. ಅದಾದ ಮೇಲೆ ನಾನೇ ಎಲ್ಲರಿಗೂ, "ಅಡಿಗೆ ಇನ್ನೊಂದು ಸುತ್ತು ಹೊಡೀರಿ," ಎನ್ನುತ್ತಿದ್ದೆ. ಈ ಸೀಮೆಯಲ್ಲಿ ನಮ್ಮ ಗಾಡಿಯಷ್ಟು ಸ್ನಾನ ಮಾಡಿದ ಗಾಡಿ ಇನ್ನೊಂದಿರಲಿಕ್ಕಿಲ್ಲ.

ಮುಂದಿನ ಬೆಳೆ ಅಕ್ಕನಿಗೆ ಕೈಹಿಡಿಯಿತು. ಹುಳು ಬೆರಳು ಗಾತ್ರ ಬಂದಿದ್ದವು, ಒಂದಕ್ಕೂ ರೋಗವಿಲ್ಲ. ಸೊಪ್ಪು ಕುಯ್ದು ಕುಯ್ದು ಅವಳ ಬೆರಳುಗಳು ಹಸಿರು ಕಪ್ಪಾಗಿದ್ದವು. ಒಂದು ದಿನ ಬೆಳಿಗ್ಗೆ ನಾವು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು:

"ಹುಳ ತಲೆ ಎತ್ತವೆ. ಬಿಸಿಲು ನೋಡಿದ್ರೆ ಇವತ್ತೇ ಹಣ್ಣಾಯ್ತವೆ. ಕಬ್ಬಾಳಿಂದ ನಮ್ ಚಂದ್ರಿಕೆ ಎತ್ಕಂಡು ಊಟದೊತ್ತಿಗೆ ಬಂದ್ಬುಡಿ. ಟೀ ಗೀ ಅಂತ ಕೂತೀರಾ, ಮತ್ತೆ."

"ಹಿಂಗೋಗಿ ಹಂಗ್ ಬತ್ತೀನಿ," ಎಂದ ಭಾವ.

"ಬರೋದು ನೀನಲ್ಲ, ಗಾಡಿ. ಅದ್ನ ಕೇಳು," ಎಂದು ಅಕ್ಕ ಒಳಗೆ ಹೋದಳು.

ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಮೈ ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಅತ್ತಿತ್ತ ಹುಡುಕುತ್ತದೆ. ಚಂದ್ರಿಕೆ ಸಿಕ್ಕರೆ ಚಂದ್ರಿಕೆ, ಇಲ್ಲದಿದ್ದರೆ ಸೊಪ್ಪು, ತಟ್ಟೆ, ಗೋಡೆ, ಸೀರೆ, ಎಲ್ಲೆಂದರಲ್ಲಿ ನೂಲು ಬಿಟ್ಟುಬಿಡುತ್ತದೆ. ಇಡೀ ಬೆಳೆಯ ಶ್ರಮ ಆ ಒಂದು ಹಗಲಿನಲ್ಲಿ ಇರುತ್ತದೆ. ಇದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಸಿಟ್ಟು.

ಕಬ್ಬಾಳಿನಲ್ಲಿ ನಮ್ಮ ಚಂದ್ರಿಕೆ ಇಟ್ಟುಕೊಂಡಿದ್ದವನು ದೂರದ ನೆಂಟ, ಶಿಸ್ತಿನ ಮನುಷ್ಯ. ತೊಳೆದು ಒಣಗಿಸಿ ಗೋಡೆಗೆ ಒರಗಿಸಿದ್ದ. ಪದ್ಧತಿಯಂತೆ ಗಾಡಿಗೆ ಬ್ಲೀಚಿಂಗ್ ನೀರು ಹೊಡೆದ. ಆಮೇಲೆ ಇಂಜಿನ್ ಓಡುತ್ತಲೇ ಇರುವುದನ್ನು ಕಂಡು ಕಣ್ಣು ಕೆಂಪು ಮಾಡಿದ.

"ಲೇ, ಆಫ್ ಮಾಡ್ಲಾ ಅದ್ನ. ಒಳ್ಗೆ ಎಳೇ ಹುಳ ಅವೆ, ಹೊಗೆ ತಗುಲ್ತದೆ."

"ಎರಡೇ ನಿಮಿಷ ಕಣಣ್ಣ, ತುಂಬ್ಕಂಡು ಹೊರಟೇಬುಡ್ತೀವಿ," ಎಂದ ಭಾವ.

"ಎರಡು ನಿಮಿಷ ನಿನ್ ಮೂಗು ಮುಚ್ಲಾ? ಆಫ್ ಮಾಡು ಅಂದ್ರೆ ಆಫ್ ಮಾಡು. ಇಲ್ಲಾಂದ್ರೆ ಚಂದ್ರಿಕೆ ಮುಟ್ಬೇಡ."

ಅವನು ಹೇಳಿದ್ದು ನ್ಯಾಯ. ಹೊಗೆಗೆ ಹುಳು ಸಾಯುತ್ತದೆಂದು ಭಾವನಿಗೂ ಗೊತ್ತು. ಇಂಜಿನ್ ನಿಲ್ಲಿಸುವ ಹಿಡಿಯನ್ನು, ಸ್ಟಾಪ್ ಗುಬ್ಬಿಯನ್ನು, ಎಳೆದ. ಇಂಜಿನ್ ಎರಡು ಸಲ ಬಿಕ್ಕಿ ನಿಂತಿತು.

ಚಂದ್ರಿಕೆ ತುಂಬಿ ಕಟ್ಟಿದೆವು. ಭಾವ ಕೀ ತಿರುಗಿಸಿದ. ಟಕ್. ಮತ್ತೆ ತಿರುಗಿಸಿದ. ಟಕ್. ಕೇಬಲ್ಲಿನಿಂದ ಹೊಗೆಯೆದ್ದಿತು, ಇಂಜಿನ್ ಏಳಲಿಲ್ಲ. ಹಟಕ್ಕೆ ಬಿದ್ದು ತಿರುಗಿಸುತ್ತಲೇ ಹೋದ. ಕಡೆಗೆ ಟಕ್ ಎನ್ನುವುದೂ ನಿಂತು, ದೇವರ ಪಟದ ದೀಪವೂ ಕೆಂಪಗೆ ಕುಗ್ಗಿ ಆರಿತು.

"ನಿನ್ ಕಣ್ಣು ಬಿತ್ತು ಕಣ್ಲಾ ಗಾಡಿ ಮ್ಯಾಲೆ. ಯಾವಾಗ ನೋಡಿದ್ರೂ ಮೂಸ್ತಾ ಕೂತಿದ್ರೆ ಇನ್ನೇನಾದಾತು?"

"ನನ್ ಕಣ್ಣಲ್ಲ ಭಾವ, ನಿನ್ ಡೈರೆಕ್ಟು! ಬ್ಯಾಟ್ರಿಗೆ ಜೀವ ಉಳಿಸಿದ್ದೀಯಾ ನೀನು? ಹಾಡಿಸು ಈಗ ಹಾರನ್ನ, ಅಲ್ಲಿ ಹುಳ ಕೇಳ್ಲಿ!"

ಸಿಟ್ಟಿಗೆ ಏನು ಮಾಡಬೇಕೋ ತಿಳಿಯದೆ ಗಾಡಿಯ ಕೆಳಗೆ ತೂರಿದೆ. ಏನನ್ನಾದರೂ ಹಿಡಿದು ಕಿತ್ತೆಸೆಯಬೇಕು ಎಂಬುದೊಂದೇ ಆಸೆ. ಇಂಜಿನ್ನಿನಿಂದ ಗಾಡಿಯ ಚಾಸಿಗೆ ಬರುವ ಹೆಣೆದ ತಾಮ್ರದ ಪಟ್ಟಿ, ಎರ್ತು ಎನ್ನುತ್ತಾರಲ್ಲ, ಅದಕ್ಕೆ ಕೈ ಹಾಕಿದೆ. ಹಪ್ಪಳದಂತೆ ಪುಡಿಯಾಗಿ ಅಂಗೈಗೆ ಬಂತು. ಹಸಿರು ಬಿಳಿ ಹುಡಿ, ಮೂಗಿಗೆ ಹಿಡಿದರೆ ಬ್ಲೀಚಿಂಗ್ ಪೌಡರ್. ಆಗ ಹೊಳೆಯಿತು. ಕರೆಂಟು ಬ್ಯಾಟರಿಗೆ ಹಿಂದಿರುಗುವ ತನ್ನ ದಾರಿ ಮುಚ್ಚಿದ್ದಕ್ಕೆ ಆಕ್ಸಿಲರೇಟರ್ ಕೇಬಲ್ ಹಿಡಿದು ಓಡಾಡುತ್ತಿತ್ತು. ಅದಕ್ಕೇ ಅದು ಸುಡುತ್ತಿತ್ತು. ಹುಳುವಿಗೆ ರೋಗ ಬರಬಾರದೆಂದು ಮನೆಮನೆಯಲ್ಲಿ ತೊಳೆದು ತೊಳೆದು ಗಾಡಿಗೆ ರೋಗ ತರಿಸಿದ್ದೆವು. ಇಂಥ ತಪ್ಪನ್ನು ಬೇರೆ ಊರಿನವರು ಮಾಡಲು ಬಯಸಿದರೂ ಆಗುವುದಿಲ್ಲ.

ತೋರಿಸಿದೆ. ಭಾವ ಹುಡಿಯನ್ನು ನೋಡಿ, "ಅಡಿಗೆ ಇನ್ನೊಂದು ಸುತ್ತು, ಅಡಿಗೆ ಇನ್ನೊಂದು ಸುತ್ತು," ಎಂದು ನನ್ನದೇ ದನಿಯಲ್ಲಿ ಅಣಕಿಸಿದ. ಆಗ ನಾನು ಅವನನ್ನು ಹೊಡೆಯದೆ ಬಿಟ್ಟದ್ದು ಅಕ್ಕನ ತಾಳಿಯ ಪುಣ್ಯ.

ಬೇಲಿಯ ಮುಳ್ಳುತಂತಿ ತುಂಡರಿಸಿ ಎರ್ತಿಗೆ ಕಟ್ಟಿದೆವು. ಆದರೆ ಬ್ಯಾಟರಿ ಆಗಲೇ ಸತ್ತಿತ್ತು. ತಳ್ಳಬೇಕು. ಅವತ್ತು ಮಂಗಳವಾರ, ಕಬ್ಬಾಳಮ್ಮನ ಗುಡಿಗೆ ಜನ ಬಂದಿದ್ದರು. ಹಣೆತುಂಬ ಕುಂಕುಮ ಇಟ್ಟವರೊಂದಿಷ್ಟು ಮಂದಿ, "ಹುಳ ಹಣ್ಣಾಗವಂತೆ, ತಳ್ರಲಾ" ಎಂಬ ಒಂದೇ ಮಾತಿಗೆ ಹಣ್ಣುಕಾಯಿ ಬುಟ್ಟಿ ಕೆಳಗಿಟ್ಟು ಬಂದರು. ತಳ್ಳಿ ತಳ್ಳಿ, ಇಳಿಜಾರು ಸಿಕ್ಕುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು. ಗಾಡಿ ಕೆಮ್ಮಿ ಎದ್ದಿತು. ಭಾವ ಕಿಟಕಿಯಿಂದ ಕೈ ಬೀಸಿ, "ನೋಡ್ದಾ, ಗಟ್ಟಿ ಇಂಜಿನ್ನು" ಎಂದ.

ಸಾತನೂರು ದಾಟಿದೆವು. ನನ್ನ ಕಣ್ಣು ಡೀಸೆಲ್ ಮುಳ್ಳಿನ ಮೇಲೆ. ಅರ್ಧ ಟ್ಯಾಂಕು ಎನ್ನುತ್ತಿತ್ತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಬಹಳ ದಿನದಿಂದ ಅದು ಅರ್ಧ ಎಂದೇ ಹೇಳುತ್ತಿದೆಯಲ್ಲ ಎಂದು ಬಾಯಿಬಿಡುವಷ್ಟರಲ್ಲಿ ಇಂಜಿನ್ ಸೊರಗಿ, ಎರಡು ಸಲ ಜಗ್ಗಿ, ರಸ್ತೆಯ ಪಕ್ಕದಲ್ಲಿ ನಿಂತುಬಿಟ್ಟಿತು. ಮುಳ್ಳು ಆಗಲೂ ಅರ್ಧದಲ್ಲೇ ಇತ್ತು. ಎರ್ತು ಹುಡಿಯಾದ ಗಾಡಿಯಲ್ಲಿ ಮುಳ್ಳಿಗೇನು ಗೊತ್ತು? ಊರೂರ ಬಾಗಿಲಲ್ಲಿ ನಿಂತು ಗುಡುಗುಡು ಎಂದು ಕುಡಿದದ್ದೆಲ್ಲ ಆ ಟ್ಯಾಂಕಿನದೇ.

ಡೀಸೆಲ್ ಗಾಡಿ ಬರಿದಾದರೆ ಡೀಸೆಲ್ ತಂದು ಸುರಿದರಷ್ಟೇ ಸಾಲದು. ಪೈಪಿನೊಳಗೆ ಗಾಳಿ ಸೇರಿರುತ್ತದೆ, ಅದನ್ನು ಬಿಡಿಸಿ ಸೆಲ್ಫ್ ಹೊಡೆಯಬೇಕು. ಹೊಡೆಯಲು ಬ್ಯಾಟರಿ ಬೇಕು. ಡೀಸೆಲ್ಲೂ ಇಲ್ಲ, ಕರೆಂಟೂ ಇಲ್ಲ, ಒಂದಿಲ್ಲದೆ ಇನ್ನೊಂದು ಬರುವುದಿಲ್ಲ. ಭಾವ ಮುಳ್ಳಿನ ಗಾಜನ್ನು ಬೆರಳಿನಿಂದ ಟೊಕ್ ಟೊಕ್ ಎಂದು ಬಡಿಯುತ್ತಿದ್ದ, ಅದೇನೋ ತಪ್ಪು ಒಪ್ಪಿಕೊಳ್ಳುತ್ತದೆಂಬಂತೆ. ಅವನ ಮುಖ ನೋಡಲಾಗದೆ ರಸ್ತೆಗೆ ಇಳಿದು, ಬರುತ್ತಿದ್ದ ಚನ್ನಪಟ್ಟಣದ ಬಸ್ಸಿಗೆ ಎರಡೂ ಕೈ ಅಡ್ಡ ಹಿಡಿದೆ.

ಡ್ರೈವರ್ ಬೈಯಲು ತಲೆ ಹೊರಗೆ ಹಾಕಿದವನು ಗಾಡಿಯ ಮೇಲಿದ್ದ ಚಂದ್ರಿಕೆ ಕಂಡು ಬಸ್ಸನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಕಂಡಕ್ಟರ್ ಕೇಳಿದ್ದು ಒಂದೇ: "ಹಣ್ಣಾಗವಾ?"

"ಬೆಳಿಗ್ಗೆನೇ."

"ಅಯ್ಯೋ ನಿಮ್ ಮನೆ ಹಾಳಾಗ! ಏರಿಸ್ರಿ ಬೇಗ."

ಆ ಕಾಲದಲ್ಲಿ ಚಂದ್ರಿಕೆಗೆ ಬೇಡ ಎಂದವರನ್ನು ನಾನು ಕಂಡಿಲ್ಲ. ಬಸ್ಸಿನ ಅರ್ಧ ಜನ ಇಳಿದು ಕೈಯಿಂದ ಕೈಗೆ ದಾಟಿಸಿ ಟಾಪಿಗೆ ಏರಿಸಿದರು. ಒಬ್ಬ ಮುದುಕಿ ಮಾತ್ರ ಕಿಟಕಿಯಲ್ಲೇ ಕೂತು, "ಗಂಡಸರ ಕೈಗೆ ಕೊಟ್ರೆ ಇಷ್ಟೇಯ," ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು. ಭಾವನನ್ನು ಗಾಡಿಯ ಹತ್ತಿರವೇ ಬಿಟ್ಟು ನಾನು ಟಾಪಿನ ಮೇಲೆ ಚಂದ್ರಿಕೆಗಳನ್ನು ಅಪ್ಪಿಕೊಂಡು ಬಂದೆ. ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಬೈಗುಳಗಳನ್ನು ಗಾಳಿಗೆ ಹೇಳಿದೆ.

ಅಕ್ಕೂರಿಗೆ ಬಂದಾಗ ಅಕ್ಕನ ಮನೆ ತುಂಬ ನೆರೆಯ ಹೆಂಗಸರು. ಒಣಗಿದ ಹುಚ್ಚೆಳ್ಳು ಕಡ್ಡಿ, ಬೇವಿನ ಸೊಪ್ಪು, ತೆಂಗಿನ ಗರಿ, ಕೊನೆಗೆ ಮನೆಯ ಪೊರಕೆಗಳನ್ನೂ ಬಿಚ್ಚಿ ಹರಡಿ, ಹುಳುಗಳನ್ನು ಆಯ್ದು ಆಯ್ದು ಅದರ ಮೇಲೆ ಬಿಡುತ್ತಿದ್ದರು. ಅರ್ಧಕ್ಕೂ ಹೆಚ್ಚು ಆಗಲೇ ನೂಲು ಬಿಡಲು ಶುರುಮಾಡಿದ್ದವು. ಕೆಲವು ಸೊಪ್ಪಿನ ಅಡಿಯಲ್ಲೇ ಒಂದರ ಮೇಲೊಂದು ಬಿದ್ದು, ಎರಡೆರಡು ಸೇರಿ ಒಂದೇ ಗೂಡು ಸುತ್ತುತ್ತಿದ್ದವು. ಗೋಡೆಯ ಮೂಲೆಗಳಲ್ಲಿ ಬಲೆ ಕಟ್ಟಿದಂತೆ ರೇಷ್ಮೆ. ಅಕ್ಕ ನನ್ನನ್ನು ನೋಡಿದಳು. ಬಾಯಿ ತುಂಬ ಬೈಯುತ್ತಾಳೆಂದು ತಲೆ ಬಗ್ಗಿಸಿ ನಿಂತೆ.

"ಇಳ್ಸು. ಕೈ ತೊಳ್ಕಂಡು ಬಾ," ಎಂದಳು ಅಷ್ಟೆ.

ಇನ್ನೂ ನೂಲು ಬಿಡದೆ ತಲೆಯೆತ್ತಿ ಹುಡುಕುತ್ತಿದ್ದವನ್ನು ಚಂದ್ರಿಕೆಗೆ ಬಿಟ್ಟೆವು. ಬಿಸಿಲಿಳಿಯುವಾಗ ದೂರದಿಂದ ಹಾಡುವ ಹಾರನ್ನು ಕೇಳಿಸಿತು. ಭಾವ ಯಾವುದೋ ಟ್ರಾಕ್ಟರಿನವನಿಂದ ಡೀಸೆಲ್ಲೂ ಕರೆಂಟೂ ಬೇಡಿ ಪಡೆದು ಬಂದಿದ್ದ. ಗಾಡಿಯನ್ನು ಹುಳುಮನೆಯ ಕಿಟಕಿಯ ಮುಂದೆಯೇ ತಂದು ನಿಲ್ಲಿಸಿ, ಇಳಿದು, "ಒಂದೇ ಸೆಲ್ಫಿಗೆ ಬಂತು ಕಣ್ಲಾ ಭಾಮೈದ!" ಎಂದ. ಹಿಂದೆ ಇಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ಕಪ್ಪು ಹೊಗೆ ಕಿಟಕಿಯ ಕಡೆಗೆ ತಿರುಗಿತು.

ಅಕ್ಕ ಹೊರಗೆ ಬಂದಳು. "ಆಫ್ ಮಾಡು."

"ಆಫ್ ಮಾಡಿದ್ರೆ ಮತ್ತೆ ಏಳಾಕಿಲ್ಲ ಕಣೆ."

"ಏಳ್ಬಾರ್ದು."

ಅವನು ಹಿಂದೆಮುಂದೆ ನೋಡುತ್ತಿರುವಾಗ ಅವಳೇ ಬಾಗಿಲು ತೆಗೆದು, ಹುಡುಕಿ, ಸ್ಟಾಪ್ ಗುಬ್ಬಿಯನ್ನು ಎಳೆದಳು. ಇಂಜಿನ್ ನಿಂತಿತು, ಎಳೆದ ರಭಸಕ್ಕೆ ಗುಬ್ಬಿ ತಂತಿಯ ಸಮೇತ ಕೈಗೆ ಬಂತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಗೂಡು ಬಿಡಿಸುವವರೆಗೆ ಗಾಡಿ ಅಲ್ಲೇ ನಿಂತಿತ್ತು. ಭಾವ ದಿನಾ ಅದರ ಸುತ್ತ ತಿರುಗಿ ಬರುತ್ತಿದ್ದ, ಮುಟ್ಟುತ್ತಿರಲಿಲ್ಲ.

ಗೂಡನ್ನು ಬಸ್ಸಿನಲ್ಲೇ ರಾಮನಗರದ ಮಾರುಕಟ್ಟೆಗೆ ಒಯ್ದೆವು. ಅಕ್ಕ ಎರಡು ಪಾಲು ಮಾಡಿ ಸುರಿದಳು. ಚಂದ್ರಿಕೆಯದು ಒಂದು ಕಡೆ, ಗಟ್ಟಿಯಾಗಿ, ತೆಳುಹಳದಿಯಾಗಿ, ಅಲುಗಿಸಿದರೆ ಟಿಕ್ ಟಿಕ್ ಎನ್ನುವಂಥದ್ದು. ಕಡ್ಡಿ ಪೊರಕೆಯದು ಇನ್ನೊಂದು ಕಡೆ: ಚಪ್ಪಟೆ, ಕಲೆ, ಜೋಡಿಗೂಡು. ದೊಡ್ಡ ರಾಶಿ ಯಾವುದೆಂದು ಹೇಳಬೇಕಾಗಿಲ್ಲ. ಗೂಡು ಕೊಂಡು ನೂಲು ತೆಗೆಯುವ ಸಾಹೇಬರೊಬ್ಬರು ಮೊದಲ ರಾಶಿಗೆ ಕೈ ಹಾಕಿ ಮೆಚ್ಚಿ ತಲೆದೂಗಿದರು. ಎರಡನೆಯದರಿಂದ ಒಂದು ಹಿಡಿ ಎತ್ತಿ, ಬೆರಳ ಸಂದಿಯಿಂದ ಜಾರಲು ಬಿಟ್ಟು, ಮುಖ ಕಿವುಚಿದರು.

"ಒಂದೇ ಮನೆ ಹುಳ ಅಂತೀರಿ. ಇದ್ಕೆ ಏನಾಯ್ತಮ್ಮಾ, ಬೀಮಾರಿನಾ?"

"ಇಲ್ಲ ಸಾಬ್ರೇ, ಹುಳ ಚೆನ್ನಾಗೇ ಇದ್ವು," ಎಂದಳು ಅಕ್ಕ. ತಿರುಗದೆಯೇ ಹೆಬ್ಬೆರಳನ್ನು ಹಿಂದೆ ನಿಂತಿದ್ದ ನಮ್ಮಿಬ್ಬರತ್ತ ತೋರಿಸಿದಳು. "ಗಂಡ. ತಮ್ಮ."

ಸಾಹೇಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಮುಂದಿನ ರಾಶಿಗೆ ಹೋದರು. ಭಾವ ನನ್ನ ಕಿವಿಯ ಹತ್ತಿರ ಬಗ್ಗಿ, "ಬ್ಲೀಚಿಂಗ್ ಪೌಡ್ರು ಅಂತ ಹೇಳ್ಬೋದಾಗಿತ್ತು ಅವ್ಳು," ಎಂದ. ಅಕ್ಕ ಆಗಲೇ ಎರಡನೇ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅದರಲ್ಲೇ ಒಳ್ಳೆಯ ಗೂಡುಗಳನ್ನು ಆರಿಸತೊಡಗಿದ್ದಳು. ನಾನೂ ಹೋಗಿ ಅವಳ ಪಕ್ಕದಲ್ಲಿ ಕೂತು ಆರಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಭಾವನೂ ಬಂದು ಕೂತ, ನನಗೆ ಬೆನ್ನು ಹಾಕಿಕೊಂಡು.